ಕಾದಿಸ್‌ನಲ್ಲಿ ಹತ್ತು ಗಂಟೆಯ ಸಂಜೆ

— ಎಂಟು ದಿನಕ್ಕೆ ನಾಲ್ಕು ಊರು. ಮ್ಯಾಡ್ರಿಡ್, ಬಾರ್ಸಿಲೋನಾ, ಗ್ರನಾಡಾ, ಸೆವಿಲ್. ಏಜೆಂಟ್ ಹಾಕಿಕೊಟ್ಟಿರೋ ಪಟ್ಟಿ ಇದು. ಜುಲೈ ಮಧ್ಯದಲ್ಲಿ ಹೊರಡೋದು. ಅಮ್ಮನೂ ಬರ್ತಾಳೆ. ನೀನು ಯುರೋಪಿನಲ್ಲೇ ಇರೋಳು, ಪ್ರತಿ ಬೇಸಿಗೆ ಸ್ಪೇನಿಗೆ ಹೋಗ್ತೀಯ. ಹೇಗಿದೆ ಹೇಳು.

— ಜುಲೈನಲ್ಲಿ ಸೆವಿಲ್‌ನ ಮಧ್ಯಾಹ್ನ 40 ಡಿಗ್ರಿ ಮುಟ್ಟೋದು ಮಾಮೂಲು. ಆ ಬಿಸಿಲಲ್ಲಿ ಚರ್ಚು, ಅರಮನೆ, ಮೆಟ್ಟಿಲು. ಅಮ್ಮನ ಮಂಡಿನೋವು ಹೇಗಿದೆ?

— ಹಾಗೇ ಇದೆ. ಒಂದು ಮಹಡಿ ಹತ್ತೋದ್ರಲ್ಲಿ ಎರಡು ಸಲ ನಿಲ್ತಾಳೆ.

— ಹಾಗಾದ್ರೆ ನನ್ನ ಮಾತು ಕೇಳು. ಆ ದಿನಗಳಲ್ಲಿ ಸೆವಿಲ್‌ನವರೇ ಸೆವಿಲ್‌ನಲ್ಲಿ ನಿಲ್ಲಲ್ಲ. ಅನುಕೂಲ ಇದ್ದೋರು ಊರು ಬಿಟ್ಟು ಸಮುದ್ರದ ಕಡೆ ಹೊರಟುಬಿಡ್ತಾರೆ. ಬಹಳ ಜನ ಹೋಗೋದು ಕಾದಿಸ್ ಕಡೆಗೆ. ಸುಮಾರು 120 ಕಿಲೋಮೀಟರ್, ರೈಲಿನಲ್ಲಿ ಎರಡು ಗಂಟೆಯೂ ಬೇಡ. ಸೆವಿಲ್ ಬೇಯ್ತಾ ಇರುವಾಗ ಕಾದಿಸ್‌ನಲ್ಲಿ 27, 28 ಡಿಗ್ರಿ. ನೀನೂ ಅಲ್ಲಿಗೇ ಹೋಗು. ಇಡೀ ರಜೆಯನ್ನ ಆ ಒಂದೇ ಊರಿಗೆ ಕೊಡು.

— ಒಂದೇ ಊರಿಗೆ? ಅಷ್ಟು ದುಡ್ಡು ಸುರಿದು, ವೀಸಾಕ್ಕೆ ಅಷ್ಟು ಕಾಗದ ಕೊಟ್ಟು, ಹೋಗಿ ಬೀಚಿನಲ್ಲಿ ಕೂರೋದಾ? ಸಮುದ್ರ ನಮಗೇನು ಹೊಸದಾ? ಅಮ್ಮ ಹುಟ್ಟಿದ್ದೇ ಹೊನ್ನಾವರದಲ್ಲಿ.

— ಹೊನ್ನಾವರದ ಸಮುದ್ರ ಜುಲೈನಲ್ಲಿ ಹೇಗಿರತ್ತೆ ಅಂತ ಅಮ್ಮನನ್ನೇ ಕೇಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ. ಅಲೆಯ ಸದ್ದಿಗೆ ಮನೆಯೊಳಗೆ ಮಾತು ಕೇಳಿಸಲ್ಲ. ನಮಗೆ ಮಳೆಗಾಲ ಬಂತು ಅಂದ್ರೆ ಕಡಲಿನಿಂದ ದೂರ ಇರಬೇಕಾದ ಕಾಲ. ಅವರಿಗೆ ಅದೇ ತಿಂಗಳು ಕಡಲು ಬಾಗಿಲು ತೆಗೆಯೋ ಕಾಲ. ಕಾದಿಸ್‌ನಲ್ಲಿ ಜುಲೈ ಇಡೀ ಒಂದು ಹನಿ ಮಳೆ ಬೀಳದೇ ಹೋಗಬಹುದು.

ಇನ್ನೊಂದು ವಿಷಯ ಇದೆ, ಅದು ಇನ್ನೂ ಮುಖ್ಯ. ನಾವು ಬೀಚಿಗೆ ಹೋಗೋದು ಸಮುದ್ರ ನೋಡೋಕೆ. ಸಂಜೆ ಐದಕ್ಕೆ ಹೋಗ್ತೀವಿ, ಪಾದ ಒದ್ದೆ ಮಾಡ್ಕೋತೀವಿ, ಚುರುಮುರಿ ತಿಂತೀವಿ, ಸೂರ್ಯ ಮುಳುಗಿದ ಕೂಡಲೇ ಎದ್ದು ಬರ್ತೀವಿ. ಅಲ್ಲಿಯವರು ಬೀಚಿನಲ್ಲಿ ದಿನ ಕಳೀತಾರೆ. ಊಟ, ನಿದ್ದೆ, ಜಗಳ, ಇಸ್ಪೀಟು, ಮಕ್ಕಳ ಮುಂಗೋಪ, ಅಜ್ಜಿಯ ಔಷಧಿ, ಎಲ್ಲಾ ಮರಳಿನ ಮೇಲೇ. ಅದನ್ನ ಅವರ ಜೊತೆ ಕೂತು ಅನುಭವಿಸಬೇಕು.

— ಊರು ಹೇಗಿದೆ? ಬೀಚು ಬಿಟ್ಟು ಏನೂ ಇಲ್ಲ ಅಂದ್ರೆ ನನಗೆ ಬೇಜಾರಾಗತ್ತೆ.

— ಉದ್ದನೆಯ ಮರಳಿನ ದಂಡೆಯ ತುದಿಯಲ್ಲಿ ಇರೋ ಊರು ಅದು. ಹಳೇ ಊರಿನ ಮೂರು ಕಡೆಯೂ ಅಟ್ಲಾಂಟಿಕ್. ಯಾವ ಬೀದಿ ಹಿಡಿದು ನಡೆದರೂ ಕೊನೆಗೆ ನೀರು. ಫಿನೀಷಿಯನ್ ವ್ಯಾಪಾರಿಗಳು ಕಟ್ಟಿದ್ದು, ಹೆಚ್ಚುಕಡಿಮೆ 3,000 ವರ್ಷದ ಹಿಂದೆ. ಆಮೇಲೆ ರೋಮನ್ನರು, ಅರಬರು. 1717ರಲ್ಲಿ ಅಮೆರಿಕದ ಜೊತೆಗಿನ ವ್ಯಾಪಾರದ ಅಧಿಕಾರ ಸೆವಿಲ್‌ನಿಂದ ಕಾದಿಸ್‌ಗೆ ಬಂತು, ಊರು ಒಂದೇ ಸಲ ಶ್ರೀಮಂತ ಆಯ್ತು. ವ್ಯಾಪಾರಿಗಳು ತಮ್ಮ ಹಡಗು ಬಂತಾ ಅಂತ ನೋಡೋಕೆ ಮನೆ ಮೇಲೆ ಗೋಪುರ ಕಟ್ಟಿಸಿಕೊಂಡರು. ಈಗಲೂ ಅಂಥ ಗೋಪುರ ನೂರಕ್ಕೂ ಹೆಚ್ಚಿವೆ. ತಾವೀರಾ ಗೋಪುರದ ಮೇಲೆ ನಿಂತರೆ ಊರಿನ ಬಿಳೀ ತಾರಸಿಗಳು, ಒಣಗೋಕೆ ಹಾಕಿದ ಬಟ್ಟೆ, ಅದರಾಚೆ ಸುತ್ತಲೂ ಕಡಲು ಕಾಣತ್ತೆ. 1812ರಲ್ಲಿ, ನೆಪೋಲಿಯನ್ನನ ಸೈನ್ಯ ಮುತ್ತಿಗೆ ಹಾಕಿದ್ದಾಗ, ಸ್ಪೇನಿನ ಉದಾರವಾದಿ ಸಂವಿಧಾನವನ್ನ ಒಪ್ಪಿ ಘೋಷಿಸಿದ್ದು ಇದೇ ಊರಲ್ಲಿ. ನೋಡೋಕೆ ಏನೂ ಇಲ್ಲ ಅನ್ನಬೇಡ. ಆದರೆ ಅದನ್ನೆಲ್ಲ ಒಂದು ಬೆಳಗ್ಗೆ ನೋಡು, ಇನ್ನೊಂದು ಸಂಜೆ ನೋಡು. ಮಧ್ಯದಲ್ಲಿ ನೀರಿಗೆ ಇಳಿ.

— ಎಲ್ಲಿ ಇಳಿಯೋದು? ನಿನಗಿಷ್ಟ ಯಾವುದು?

— ಲಾ ಕಾಲೆತಾ. ಹಳೇ ಊರಿನ ಒಡಲಲ್ಲೇ ಇದೆ, ಅರ್ಧ ಕಿಲೋಮೀಟರ್ ಉದ್ದವೂ ಇಲ್ಲದ ಸಣ್ಣ ಕೊಲ್ಲಿ. ಒಂದು ಕಡೆ ಸಾಂತಾ ಕತಲೀನಾ ಕೋಟೆ. 1596ರಲ್ಲಿ ಇಂಗ್ಲಿಷರೂ ಡಚ್ಚರೂ ಬಂದು ಊರನ್ನ ಸುಟ್ಟು ಹೋದ ಮೇಲೆ ಕಟ್ಟಿದ್ದು. ಇನ್ನೊಂದು ಕಡೆ ಸಮುದ್ರದೊಳಗೆ ಚಾಚಿಕೊಂಡಿರೋ ಸಾನ್ ಸೆಬಾಸ್ತಿಯಾನ್ ಕೋಟೆ. ನೀರಿನ ಮಧ್ಯೆ ಕಲ್ಲುದಾರಿ ಮಾಡಿ ಅದನ್ನ ದಡಕ್ಕೆ ಸೇರಿಸಿದ್ದಾರೆ. ನಡುವೆ, ಮರಳಿನ ಮೇಲೆ ಕಂಬ ಊರಿ ಎರಡೂ ಬದಿಗೆ ತೋಳು ಬಿಚ್ಚಿ ನಿಂತಿರೋ ಬಿಳೀ ಕಟ್ಟಡ ಒಂದಿದೆ, 1926ರ ಸ್ನಾನಗೃಹ. ಈಗ ಅಲ್ಲಿ ನೀರಿನಡಿಯ ಪುರಾತತ್ತ್ವ ಕೇಂದ್ರ ಇದೆ. ಆ ಕಂಬಗಳ ನೆರಳಲ್ಲಿ ಊರಿನ ಹೆಂಗಸರು ಕುರ್ಚಿ ಹಾಕಿಕೊಂಡು ಬಿಂಗೊ ಆಡ್ತಾ ಕೂತಿರ್ತಾರೆ. ಎಪ್ಪತ್ತು, ಎಂಬತ್ತು ದಾಟಿದವರು. ಒಬ್ಬಳು ಸಂಖ್ಯೆ ಕೂಗ್ತಾಳೆ, ಉಳಿದವರು ಕಾರ್ಡು ನೋಡ್ತಾ ಸೊಸೆಯಂದಿರ ವಿಷಯ ಮಾತಾಡ್ತಾರೆ.

— ಸಿನಿಮಾದಲ್ಲಿ ನೋಡಿದ ಹಾಗಿದೆ ಆ ಕೋಟೆ.

— ನೋಡಿರ್ತೀಯ. 2002ರ ಜೇಮ್ಸ್ ಬಾಂಡ್ ಸಿನಿಮಾ, ಡೈ ಅನದರ್ ಡೇ. ಹ್ಯಾಲಿ ಬೆರಿ ಕಿತ್ತಳೆ ಬಣ್ಣದ ಬಿಕಿನಿಯಲ್ಲಿ ಸಮುದ್ರದಿಂದ ಎದ್ದು ಬರೋ ದೃಶ್ಯ. ಕಥೆಯಲ್ಲಿ ಅದು ಕ್ಯೂಬಾ, ಚಿತ್ರೀಕರಣ ಆಗಿದ್ದು ಕಾಲೆತಾದಲ್ಲಿ. ಆದರೆ ನನಗೆ ಆ ಬೀಚು ಇಷ್ಟ ಆಗೋದು ಇಳಿತದ ಹೊತ್ತಲ್ಲಿ. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆ ಸುಮಾರಿಗೆ ಉಬ್ಬರಕ್ಕೂ ಇಳಿತಕ್ಕೂ 3 ಮೀಟರಿನಷ್ಟು ವ್ಯತ್ಯಾಸ ಬರತ್ತೆ, ಮೆಡಿಟರೇನಿಯನ್ ಬದಿಯ ಊರುಗಳಲ್ಲಿ ಇದು ಕಾಣಸಿಗಲ್ಲ. ಬೆಳಗ್ಗೆ ಈಜಿದ ಜಾಗದಲ್ಲಿ ಮಧ್ಯಾಹ್ನ ಬಂಡೆ ಎದ್ದಿರತ್ತೆ. ಬಂಡೆಯ ಗುಂಡಿಗಳಲ್ಲಿ ನೀರು ನಿಂತು, ಅದರಲ್ಲಿ ಸಣ್ಣ ಏಡಿ, ಸಣ್ಣ ಮೀನು. ಮಕ್ಕಳು ಬಕೆಟ್ ಹಿಡಿದು ಗಂಟೆಗಟ್ಟಲೆ ಅಲ್ಲೇ ಬಗ್ಗಿರ್ತಾವೆ. ಬಣ್ಣದ ಮರದ ದೋಣಿಗಳು ಮರಳ ಮೇಲೆ ಓರೆಯಾಗಿ ಕೂರ್ತಾವೆ. ಸಂಜೆ ನೀರು ತಿರುಗಿ ಬಂದಾಗ ಒಂದೊಂದಾಗಿ ನೆಟ್ಟಗಾಗ್ತಾವೆ. ಉಬ್ಬರ ಇಳಿತದ ವೇಳಾಪಟ್ಟಿ ಊರವರಿಗೆ ಬಾಯಿಪಾಠ. ನೀನೂ ಬೆಳಗ್ಗೆ ಎದ್ದ ಕೂಡಲೇ ಅದನ್ನ ನೋಡಬೇಕು.

— ಅಮ್ಮನಿಗೆ ಆ ಬಂಡೆ, ಗುಂಡಿ ಎಲ್ಲಾ ಆಗಲ್ಲ.

— ಅಮ್ಮನಿಗೆ ಲಾ ವಿಕ್ತೋರಿಯಾ. ಹೊಸ ಊರಿನ ಬದಿಗೆ ಸುಮಾರು 3 ಕಿಲೋಮೀಟರ್ ಉದ್ದಕ್ಕೂ ನಯವಾದ ಮರಳು, ಬೀಚಿಗೆ ಅಂಟಿಕೊಂಡೇ ನಡೆದಾಡೋ ರಸ್ತೆ. ರಸ್ತೆಯಿಂದ ನೀರಿನ ಕಡೆಗೆ ಮರದ ಹಾಸು ಹಾಕಿರ್ತಾರೆ, ಗಾಲಿಕುರ್ಚಿ ಹೋಗೋಷ್ಟು ಅಗಲ. ನೀರಿನಲ್ಲಿ ತೇಲೋ ಕುರ್ಚಿ ಇರತ್ತೆ, ದೊಡ್ಡ ಚಕ್ರದ್ದು. ನಡೆಯೋಕಾಗದವರನ್ನ ಅದರಲ್ಲಿ ಕೂರಿಸಿ ಸಹಾಯಕರು ಅಲೆಯೊಳಗೆ ಕರ್ಕೊಂಡು ಹೋಗ್ತಾರೆ. ಎದೆಮಟ್ಟ ನೀರಲ್ಲಿ ಕೂತು ಮುದುಕರು ಕಣ್ಣು ಮುಚ್ಚಿಕೊಂಡಿರೋದನ್ನ ನೋಡಿದಾಗೆಲ್ಲ ನನಗೆ ನಮ್ಮ ಮನೆಯ ಹಿರಿಯರು ನೆನಪಾಗ್ತಾರೆ. ಮಂಡಿ ಹೋಯ್ತು ಅಂದ ಕೂಡಲೇ ಅವರ ಪಾಲಿನ ಕಡಲು, ದೇವಸ್ಥಾನ, ತೋಟ ಎಲ್ಲಾ ಮುಗೀತು ಅಂತ ನಾವೇ ತೀರ್ಮಾನ ಮಾಡಿಬಿಡ್ತೀವಿ. ಹಾಗೆ ಮುಗಿಯಬೇಕಾಗಿಲ್ಲ.

— ಅವಳು ಏನು ಹಾಕ್ಕೊಂಡು ನೀರಿಗೆ ಇಳೀತಾಳೆ? ಅದೇ ಮೊದಲನೇ ತಕರಾರು ಬರೋದು.

— ಏನು ಬೇಕಾದರೂ. ಚೂಡಿದಾರ ಹಾಕ್ಕೊಳ್ಳಲಿ, ನೈಟಿ ಹಾಕ್ಕೊಳ್ಳಲಿ. ಯಾರೂ ತಿರುಗಿ ನೋಡಲ್ಲ. ಅಲ್ಲಿಯ ಅಜ್ಜಿಯರು ಬಿಕಿನಿ ಹಾಕಿರ್ತಾರೆ. ಕೆಲವು ಹೆಂಗಸರು ಮೇಲೆ ಏನೂ ಹಾಕಿರಲ್ಲ. ಅವರನ್ನೂ ಯಾರೂ ನೋಡಲ್ಲ. ಮೊದಲ ದಿನ ಕಣ್ಣು ಎಲ್ಲಿ ಇಡೋದು ಅಂತ ಗೊತ್ತಾಗಲ್ಲ. ಎರಡನೇ ದಿನದ ಹೊತ್ತಿಗೆ ಅದು ವಿಷಯವೇ ಅಲ್ಲ ಅನ್ನಿಸತ್ತೆ. ಹೊಟ್ಟೆ ಬಂದ ಮೈ, ಆಪರೇಷನ್ ಗುರುತಿರೋ ಮೈ, ಸುಕ್ಕುಗಟ್ಟಿದ ಮೈ, ಎಲ್ಲಾ ಬಿಸಿಲಲ್ಲಿ ಆರಾಮಾಗಿ ಬಿದ್ದಿರತ್ತೆ. ನನಗೆ ಆ ಬೀಚು ಕೊಟ್ಟ ದೊಡ್ಡ ಉಪಕಾರ ಅದು. ನಮ್ಮೂರಲ್ಲಿ ಹೆಣ್ಣುಮಕ್ಕಳು ನೀರಿಗೆ ಇಳಿಯೋ ಮೊದಲು ಸುತ್ತ ಯಾರಿದ್ದಾರೆ ಅಂತ ನೋಡ್ತೀವಿ, ಒದ್ದೆ ಬಟ್ಟೆ ಮೈಗೆ ಅಂಟಿದ ಕೂಡಲೇ ದುಪಟ್ಟಾ ಎಳ್ಕೋತೀವಿ. ಸಮುದ್ರದ ಕಡೆ ಗಮನವೇ ಇರಲ್ಲ. ಅಲ್ಲಿ ನನ್ನ ಗಮನ ಪೂರ್ತಿ ಅಲೆಯ ಮೇಲಿತ್ತು.

— ನೀರು ಬೆಚ್ಚಗಿರತ್ತಾ?

— ಇಲ್ಲ. ಅಟ್ಲಾಂಟಿಕ್ ಅದು, ಬೇಸಿಗೆಯಲ್ಲೂ 21, 22 ಡಿಗ್ರಿ ಅಷ್ಟೆ. ನಮ್ಮ ಅರಬ್ಬೀ ಸಮುದ್ರದ ಬೆಚ್ಚನೆ ನೀರಿಗೆ ಒಗ್ಗಿದ ಮೈ ಮೊದಲು ಬೆಚ್ಚಿಬೀಳತ್ತೆ. ಭುಜದವರೆಗೆ ಇಳಿದು ಎರಡು ನಿಮಿಷ ನಿಲ್ಲು, ಆಮೇಲೆ ಹೊರಗೆ ಬರೋಕೆ ಮನಸ್ಸಾಗಲ್ಲ. ಹಸಿರು ಬಾವುಟ ಇದ್ದರೆ ಈಜು, ಹಳದಿ ಇದ್ದರೆ ದಡದ ಹತ್ತಿರವೇ ಇರು, ಕೆಂಪು ಹಾರಿದರೆ ನೀರಿಗೆ ಇಳಿಯಲೇಬೇಡ. ಕಾವಲುಗಾರರು ಸೀಟಿ ಊದಿದರೆ ಎಲ್ಲರೂ ಮರುಮಾತಿಲ್ಲದೆ ಹೊರಗೆ ಬರ್ತಾರೆ.

ಗಾಳಿಯ ವಿಷಯ ಹೇಳಲೇಬೇಕು. ಕಾದಿಸ್‌ನಲ್ಲಿ ಎರಡು ಗಾಳಿ. ಪಶ್ಚಿಮದಿಂದ ಬರೋದು ಪೊನಿಯೆಂತೆ, ತಂಪು, ತೇವ. ಪೂರ್ವದಿಂದ ಬರೋದು ಲೆವಾಂತೆ, ಬಿಸಿ, ಒಣ, ಜಿಬ್ರಾಲ್ಟರ್ ಜಲಸಂಧಿಯಲ್ಲಿ ನುಗ್ಗಿ ಜೋರಾಗಿ ಬರತ್ತೆ. ಲೆವಾಂತೆ ಎದ್ದ ದಿನ ವಿಕ್ತೋರಿಯಾದಲ್ಲಿ ಮರಳು ಕಾಲಿಗೆ ಸೂಜಿಯ ಹಾಗೆ ಚುಚ್ಚತ್ತೆ, ಕೊಡೆ ಹಾರಿಹೋಗತ್ತೆ. ಆಗ ಊರೆಲ್ಲ ಕಾಲೆತಾಗೆ ಬರತ್ತೆ. ಅದು ಪಶ್ಚಿಮಕ್ಕೆ ಮುಖ ಮಾಡಿದೆ, ಊರಿನ ಮನೆಗಳೇ ಅದಕ್ಕೆ ಗೋಡೆ. ಕಾದಿಸ್‌ನವರು ಮಾತು ಶುರು ಮಾಡೋದೇ ಗಾಳಿಯಿಂದ. ನಾವು ಮಳೆ ಬಂತಾ ಅಂತ ಕೇಳ್ತೀವಿ, ಅವರು ಲೆವಾಂತೆ ಎಷ್ಟು ದಿನ ಇರತ್ತೆ ಅಂತ ಕೇಳ್ತಾರೆ.

— ಬೆಳಗ್ಗೆ ಎಷ್ಟು ಹೊತ್ತಿಗೆ ಹೋಗೋದು? ಬಿಸಿಲಿಗೆ ಅಮ್ಮ ತಡೆಯಲ್ಲ.

— ಇದೇ ನಾನು ನಿನಗೆ ಹೇಳಬೇಕು ಅಂತಿದ್ದದ್ದು. ಅಲ್ಲಿ ಗಡಿಯಾರಕ್ಕೂ ಸೂರ್ಯನಿಗೂ ದೊಡ್ಡ ಅಂತರ ಇದೆ. 1940ರ ಮಾರ್ಚ್‌ನಲ್ಲಿ ಫ್ರಾಂಕೊ ಸರ್ಕಾರ ಗಡಿಯಾರವನ್ನ ಒಂದು ಗಂಟೆ ಮುಂದಕ್ಕೆ ತಿರುಗಿಸಿತು, ಬರ್ಲಿನ್ ಜೊತೆ ಸರಿಹೊಂದೋ ಹಾಗೆ. ಎರಡನೇ ಮಹಾಯುದ್ಧ ಮುಗಿದ ಮೇಲೂ ಅದನ್ನ ಹಿಂದಕ್ಕೆ ತರಲಿಲ್ಲ. ಬೇಸಿಗೆ ಬಂದರೆ ಯುರೋಪಿನ ಲೆಕ್ಕದಲ್ಲಿ ಇನ್ನೊಂದು ಗಂಟೆ ಮುಂದೆ. ಕಾದಿಸ್ ಇರೋದು ಗ್ರೀನಿಚ್‌ಗಿಂತಲೂ 6 ಡಿಗ್ರಿ ಪಶ್ಚಿಮಕ್ಕೆ. ಹಾಗಾಗಿ ಜುಲೈನಲ್ಲಿ ಸೂರ್ಯ ನೆತ್ತಿಯ ಮೇಲೆ ಬರೋದು ಹನ್ನೆರಡಕ್ಕಲ್ಲ, ಎರಡೂವರೆಗೆ. ಮುಳುಗೋದು ರಾತ್ರಿ ಹತ್ತಕ್ಕೆ ಸ್ವಲ್ಪ ಮುಂಚೆ.

ಈ ಒಂದು ಲೆಕ್ಕ ಅರ್ಥ ಆದರೆ ಅವರ ದಿನಚರಿ ಪೂರ್ತಿ ಅರ್ಥ ಆಗತ್ತೆ. ಮಧ್ಯಾಹ್ನದ ಊಟ ಎರಡೂವರೆಗೆ, ಮೂರಕ್ಕೆ. ಆ ಹೊತ್ತಿಗೆ ಬಿಸಿಲು ಉಗ್ರವಾಗಿರತ್ತೆ, ತಿಳಿದವರು ಮನೆಗೆ ಹೋಗಿ ಕಿಟಕಿಯ ಪರದೆ ಇಳಿಸಿ ಮಲಗ್ತಾರೆ. ಆರು ಗಂಟೆಗೆ ತಿರುಗಿ ಬೀಚಿಗೆ. ರಾತ್ರಿ ಊಟ ಹತ್ತರ ಮೇಲೆ. ಮೊದಲ ಸಲ ಹೋದವರು ತಮ್ಮ ಊರಿನ ಗಂಟೆ ಹಿಡಿದುಕೊಂಡು ಹನ್ನೆರಡರಿಂದ ನಾಲ್ಕರವರೆಗೆ ಮರಳಲ್ಲಿ ಬಿದ್ದು ಮೈ ಸುಟ್ಟುಕೊಳ್ತಾರೆ, ಏಳಕ್ಕೆ ಹೋಟೆಲ್ ಬಾಗಿಲು ತಟ್ಟಿ ಅಡುಗೆ ಆಗಿಲ್ಲ ಅಂತ ಸಿಟ್ಟಾಗ್ತಾರೆ. ನೀನು ಅಮ್ಮನನ್ನ ಬೆಳಗ್ಗೆ ಒಂಬತ್ತೂವರೆಗೆ ಕರ್ಕೊಂಡು ಹೋಗು, ಆಗ ಮರಳು ಇನ್ನೂ ತಣ್ಣಗಿರತ್ತೆ. ಹನ್ನೆರಡೂವರೆಗೆ ಎದ್ದು ಬಾ. ಊಟ ಮಾಡಿ ಮಲಗು. ಸಂಜೆ ಏಳರಿಂದ ಹತ್ತರವರೆಗೆ ಮೂರು ಗಂಟೆ, ಅದು ಇಡೀ ದಿನದ ಅತ್ಯುತ್ತಮ ಹೊತ್ತು. ಬೆಳಕು ಓರೆಯಾಗಿ ಬರತ್ತೆ, ಗಾಳಿ ಹಗುರಾಗತ್ತೆ, ನೀರು ಮೈಗೆ ಹಿತ. ಆಫೀಸು ಮುಗಿಸಿದವರು ಆಗಲೇ ಬರೋದು. ಗಂಡ ಹೆಂಡತಿ ಕೆಲಸದ ಬಟ್ಟೆ ಮಡಚಿಟ್ಟು ನೀರಿಗೆ ಇಳಿದುಬಿಡ್ತಾರೆ.

— ಊಟದ ವಿಷಯ ಹೇಳು. ಅಮ್ಮ ಮೀನು ತಿಂತಾಳೆ. ನನ್ನ ಯಜಮಾನರು ಸಸ್ಯಾಹಾರಿ.

— ಅಮ್ಮನಿಗೆ ಹಬ್ಬ. ಕಾದಿಸ್ ಹುರಿದ ಮೀನಿನ ಊರು. ಹಿಟ್ಟಿನಲ್ಲಿ ಹೊರಳಿಸಿ, ಜಾಸ್ತಿಯಾದದ್ದನ್ನ ಜರಡಿ ಆಡಿಸಿ ಉದುರಿಸಿ, ಕಾದ ಎಣ್ಣೆಗೆ ಬಿಡ್ತಾರೆ. ದಪ್ಪ ಪದರ ಇಲ್ಲ, ಮೀನಿನ ರುಚಿ ಮುಚ್ಚಿಹೋಗಲ್ಲ. ತೂಕ ಹಾಕಿ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡ್ತಾರೆ, ಹಿಡ್ಕೊಂಡು ಹೂವಿನ ಚೌಕದ ಬೆಂಚಿನ ಮೇಲೆ ಕೂತು ತಿನ್ನಬಹುದು. ಸಣ್ಣ ಶಾರ್ಕ್ ಮೀನಿನ ತುಂಡುಗಳನ್ನ ವಿನೆಗರ್, ಬೆಳ್ಳುಳ್ಳಿ, ಜೀರಿಗೆ, ಒರೆಗಾನೊದಲ್ಲಿ ನೆನೆಸಿಟ್ಟು ಹುರೀತಾರೆ, ಜೀರಿಗೆಯ ವಾಸನೆ ಬಂದ ಕೂಡಲೇ ಅಮ್ಮ ಅದರ ಜಾಡು ಹಿಡಿದು ಹೋಗ್ತಾಳೆ. ಬೇಸಿಗೆಯಲ್ಲಿ ಬಂಗುಡೆ ಜಾತಿಯ ಮೀನು ಕೆಂಡದ ಮೇಲೆ ಸುಟ್ಟದ್ದು, ಪಕ್ಕದಲ್ಲಿ ಟೊಮೆಟೊ, ಈರುಳ್ಳಿ, ದೊಣ್ಣೆಮೆಣಸಿನಕಾಯಿ ಹೆಚ್ಚಿ ಕಲಸಿದ್ದು. ಮತ್ತೆ ತೊರ್ತಿಯ್ಯೀತಾ: ಕಡಲೆಹಿಟ್ಟು, ಗೋಧಿಹಿಟ್ಟಿನ ತೆಳ್ಳನೆ ಹಿಟ್ಟಿಗೆ ಉಗುರಿಗಿಂತ ಸಣ್ಣ ಸಿಗಡಿಯನ್ನ ಇಡಿಯಾಗಿ ಹಾಕಿ, ಎಣ್ಣೆಯಲ್ಲಿ ಹರಡಿ ಗರಿಗರಿ ಮಾಡೋದು. ನಮ್ಮ ಬಜ್ಜಿ ಬಲೆಯಾಗಿ ಹರಡಿಕೊಂಡ ಹಾಗಿರತ್ತೆ. ಅದನ್ನ ತಿನ್ನದೆ ಕಾದಿಸ್ ಬಿಟ್ಟು ಬರಬೇಡ.

— ಯಜಮಾನರಿಗೆ?

— ಸ್ವಲ್ಪ ಎಚ್ಚರ ಬೇಕು, ಆದರೆ ಹಸಿದುಕೊಂಡಿರಬೇಕಾಗಲ್ಲ. ಗಾಸ್ಪಾಚೊ ಇದೆ: ಟೊಮೆಟೊ, ಸೌತೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ವಿನೆಗರ್ ರುಬ್ಬಿ ತಣ್ಣಗೆ ಮಾಡಿದ್ದು, ಆ ಬಿಸಿಲಿಗೆ ಅದೇ ಔಷಧಿ. ಪಾಲಕ್ ಜೊತೆ ಕಾಬೂಲ್ ಕಡಲೆ ಬೇಯಿಸಿದ್ದು ಇದೆ. ಬೇಯಿಸಿದ ಆಲೂಗಡ್ಡೆಗೆ ಈರುಳ್ಳಿ, ಪಾರ್ಸ್ಲಿ, ಹೆರೆಸ್ ವಿನೆಗರ್, ಎಣ್ಣೆ ಕಲಸಿದ್ದು ಇದೆ, ಅದಕ್ಕೆ ಟ್ಯೂನಾ ಹಾಕಬೇಡಿ ಅಂತ ಮೊದಲೇ ಹೇಳಬೇಕು. ಆದರೆ ಬೀಚಿನ ನಿಜವಾದ ಊಟ ಹೋಟೆಲಿನದ್ದಲ್ಲ. ಕುಟುಂಬಗಳು ಮಡಚೋ ಮೇಜು, ಕುರ್ಚಿ, ಐಸ್ ಪೆಟ್ಟಿಗೆ ಹೊತ್ತುಕೊಂಡು ಬರ್ತಾವೆ. ದಪ್ಪನೆ ಆಲೂಗಡ್ಡೆ ಆಮ್ಲೆಟ್, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಮಾಂಸ, ಕಲ್ಲಂಗಡಿ ಹಣ್ಣು. ಕಲ್ಲಂಗಡಿ ಕೊಯ್ದರೆ ಪಕ್ಕದ ಕೊಡೆಯವರಿಗೂ ಒಂದು ಹೋಳು ಬರತ್ತೆ. ಮಾರುಕಟ್ಟೆಗೆ ಹೋಗಿ ಹಣ್ಣು, ಬ್ರೆಡ್ಡು, ಆಲಿವ್ ಕಾಯಿ ತಂದುಕೊಂಡು ನೀವೂ ಹಾಗೇ ಕೂರಿ.

— ಬೀಚಿನಲ್ಲಿ ಕೂರೋಕೆ ದುಡ್ಡು ಕೊಡಬೇಕಾ?

— ಕೊಡೆ, ಆರಾಮಕುರ್ಚಿ ಬಾಡಿಗೆಗೆ ಬೇಕು ಅಂದ್ರೆ ಮಾತ್ರ. ಮರಳಿಗಿಲ್ಲ. ಸ್ಪೇನಿನ 1978ರ ಸಂವಿಧಾನದಲ್ಲೇ ಬರೆದಿದೆ, ಬೀಚುಗಳು ಸಾರ್ವಜನಿಕ ಆಸ್ತಿ ಅಂತ. 1988ರ ಕರಾವಳಿ ಕಾಯ್ದೆ ಅದನ್ನ ಇನ್ನಷ್ಟು ಬಿಗಿ ಮಾಡಿತು. ಎಷ್ಟೇ ತಾರೆಯ ಹೋಟೆಲಾಗಲಿ, ಮುಂದಿನ ಬೀಚು ನಮ್ಮದು ಅಂತ ಬೇಲಿ ಹಾಕೋ ಹಾಗಿಲ್ಲ. ಕಾಲೆತಾದ ಹಿಂದಿರೋ ಲಾ ವಿನ್ಯಾ ಹಳೇ ಬೆಸ್ತರ ಕೇರಿ. ಆ ಕೇರಿಯ ಮನೆಗಳು ಚಿಕ್ಕವು, ಬೇಸಿಗೆಯಲ್ಲಿ ಅವರ ಹಜಾರ ಇರೋದು ಬೀಚಿನಲ್ಲೇ. ಅವರ ಪಕ್ಕದಲ್ಲಿ ನೀನೂ ಟವೆಲ್ ಹಾಸಬಹುದು, ಅಷ್ಟೇ ಹಕ್ಕಿನಿಂದ. ಈ ಸಮಾನತೆ ನನಗೆ ತುಂಬಾ ದೊಡ್ಡದು ಅನ್ನಿಸತ್ತೆ.

— ಹಕ್ಕು ಅಂತೀಯ, ಆದರೆ ಅಲ್ಲಿಯ ಜನಕ್ಕೆ ಪ್ರವಾಸಿಗಳು ಬೇಡ ಆಗಿದ್ದಾರಂತಲ್ಲ. ಬಾರ್ಸಿಲೋನಾದಲ್ಲಿ ನೀರಿನ ಪಿಸ್ತೂಲಿನಿಂದ ಪ್ರವಾಸಿಗಳ ಮೇಲೆ ನೀರು ಹಾರಿಸಿದ್ದನ್ನ ಟಿವಿಯಲ್ಲಿ ನೋಡಿದೆ. ಅದಕ್ಕೇ ಭಯ.

— ಅದು 2024ರ ಜುಲೈ. ಅದಕ್ಕೂ ಸ್ವಲ್ಪ ಮುಂಚೆ ಮಾಲಗಾದಲ್ಲಿ ಸಾವಿರಾರು ಜನ ಬೀದಿಗಿಳಿದಿದ್ದರು. ಆ ಒಂದು ವರ್ಷದಲ್ಲಿ ಸ್ಪೇನಿಗೆ ಸುಮಾರು 9.4 ಕೋಟಿ ವಿದೇಶಿ ಪ್ರವಾಸಿಗಳು ಬಂದರು, ದೇಶದ ಜನಸಂಖ್ಯೆ 4.9 ಕೋಟಿ. ಅವರ ಕೋಪಕ್ಕೆ ಕಾರಣ ಇದೆ. ಹಳೇ ಊರಿನ ಮನೆಗಳು ಒಂದೊಂದಾಗಿ ಪ್ರವಾಸಿಗಳ ಬಾಡಿಗೆ ಮನೆ ಆಗ್ತಿವೆ. ಅದೇ ಕೇರಿಯಲ್ಲಿ ಹುಟ್ಟಿದ ಹುಡುಗ ಮದುವೆಯಾಗಿ ಅಲ್ಲೇ ಮನೆ ಮಾಡೋಕೆ ಆಗ್ತಿಲ್ಲ. ಕಾದಿಸ್‌ನಲ್ಲಿ ಇದು ಇನ್ನೂ ಕಠಿಣ, ಮೂರು ಕಡೆ ನೀರಿರೋ ಊರಿಗೆ ಬೆಳೆಯೋಕೆ ಜಾಗವೇ ಇಲ್ಲ. ಆ ಬಿಂಗೊ ಆಡೋ ಹೆಂಗಸರ ಮೊಮ್ಮಕ್ಕಳು ಊರು ಬಿಟ್ಟರೆ, ಆ ಬೀಚಿನಲ್ಲಿ ನಾವು ನೋಡೋಕೆ ಹೋದದ್ದೇ ಉಳಿಯಲ್ಲ. ಅದಕ್ಕೇ ಹೇಳ್ತೀನಿ, ಲಾ ವಿನ್ಯಾದಲ್ಲಿ ಫ್ಲಾಟ್ ಹಿಡಿಯಬೇಡ. ವಿಕ್ತೋರಿಯಾ ಬದಿಯಲ್ಲಿ ಹೋಟೆಲುಗಳಿವೆ, ಅಲ್ಲಿ ಇರು. ಅಮ್ಮನಿಗೆ ಲಿಫ್ಟೂ ಸಿಗತ್ತೆ. ರಾತ್ರಿ ಬೀದಿಯಲ್ಲಿ ಮೆಲ್ಲಗೆ ಮಾತಾಡು, ಬೆಳಗ್ಗೆ ಕಾಫಿಗೆ ದಿನಾ ಒಂದೇ ಅಂಗಡಿಗೆ ಹೋಗು. ಮೂರನೇ ದಿನ ಅವರೇ ಅಮ್ಮನಿಗೆ ಕುರ್ಚಿ ಎಳೆದು ಕೊಡ್ತಾರೆ. ನಾಲ್ಕು ಊರಿಗೆ ಎರಡೆರಡು ದಿನ ಕೊಟ್ಟರೆ ಈ ಮೂರನೇ ದಿನ ಎಲ್ಲಿಯೂ ಬರಲ್ಲ.

— ಗ್ರನಾಡಾದ ಅಲ್ಹಂಬ್ರಾ ಅರಮನೆ ಬಿಟ್ಟುಬಿಡೋದಾ? ಅದೊಂದು ನನ್ನ ಆಸೆ.

— ಅಲ್ಹಂಬ್ರಾವನ್ನ ಸುಮ್ಮನೆ ಬಿಡು ಅಂತ ಹೇಳೋ ಧೈರ್ಯ ನನಗಿಲ್ಲ, ಅಷ್ಟು ಚೆಂದ ಅದು. ಆದರೆ ಅದಕ್ಕೆ ಅಕ್ಟೋಬರ್ ಬೇಕು, ಗಟ್ಟಿ ಮಂಡಿ ಬೇಕು. ಅದಕ್ಕೆ ಬೇರೆ ಪ್ರಯಾಣ ಮಾಡು. ಈ ಸಲ ಸೆವಿಲ್‌ನಲ್ಲಿ ಇಳಿ, ಒಂದು ರಾತ್ರಿ ಇರು, ಬೆಳಗಿನ ರೈಲು ಹತ್ತು. ಕಾದಿಸ್‌ನಿಂದ ಒಂದು ದಿನ ಬೇಕಾದರೆ ಕಾರು ಮಾಡಿಕೊಂಡು ಬೊಲೋನಿಯಾ ಬೀಚಿಗೆ ಹೋಗಿ ಬನ್ನಿ. ಬೈಲೊ ಕ್ಲಾವ್ದಿಯಾ ಅಂತ ರೋಮನ್ನರ ಊರಿನ ಅವಶೇಷ ಮರಳಿಗೆ ತಾಗಿಕೊಂಡೇ ಇದೆ. ಟ್ಯೂನಾ ಮೀನಿಗೆ ಉಪ್ಪು ಹಾಕಿಡ್ತಿದ್ದ ಕಲ್ಲಿನ ತೊಟ್ಟಿಗಳು ಇನ್ನೂ ಹಾಗೇ ಇವೆ. ಆ ತೀರದಲ್ಲಿ ಈಗಲೂ ವಸಂತದಲ್ಲಿ ಟ್ಯೂನಾ ಅಟ್ಲಾಂಟಿಕ್‌ನಿಂದ ಮೆಡಿಟರೇನಿಯನ್‌ಗೆ ಹೋಗುವಾಗ ದಾರಿಗೆ ಬಲೆ ಕಟ್ಟಿ ಹಿಡೀತಾರೆ. ಹೊನ್ನಾವರದವಳು ಆ ತೊಟ್ಟಿಗಳ ಮುಂದೆ ನಿಂತರೆ ಅವಳಿಗೆ ಯಾವ ಗೈಡೂ ಬೇಡ. ಉಪ್ಪುಮೀನಿನ ಕೆಲಸ ಅವಳಿಗೆ ಗೊತ್ತಿರೋದೇ.

— ಜುಲೈ ಮಧ್ಯ ಸರಿನಾ ಹಾಗಾದ್ರೆ?

— ಸಾಧ್ಯವಾದರೆ ಹಿಂದಕ್ಕೆ ತಾ. ಆಗಸ್ಟ್ ಅಂತೂ ಬೇಡ, ಅರ್ಧ ಸ್ಪೇನ್ ರಜೆಯಲ್ಲಿರತ್ತೆ, ಕೋಣೆಯ ಬೆಲೆ ಏರಿರತ್ತೆ. ಜೂನ್ ಕೊನೆಯ ಹತ್ತು ದಿನಗಳಲ್ಲಿ ಹೋಗು. ನೀರು ಒಂದು ಡಿಗ್ರಿ ತಣ್ಣಗಿರಬಹುದು, ಆದರೆ ವರ್ಷದ ಅತಿ ಉದ್ದದ ಹಗಲು ಆಗಲೇ. 23ರ ರಾತ್ರಿ ಸಂತ ಯೋಹಾನನ ಹಬ್ಬ, ಸ್ಪೇನಿನ ಕರಾವಳಿ ಉದ್ದಕ್ಕೂ ಬೆಂಕಿ ಹಾಕ್ತಾರೆ. ಕಾದಿಸ್‌ನಲ್ಲಿ ಬಟ್ಟೆ, ಕಾಗದದಲ್ಲಿ ದೊಡ್ಡ ಗೊಂಬೆ ಮಾಡಿ ಸುಡ್ತಾರೆ. ಬಹಳ ಊರುಗಳಲ್ಲಿ ಮಧ್ಯರಾತ್ರಿ ಜನ ಸಮುದ್ರಕ್ಕೆ ಇಳೀತಾರೆ.

— ಮಧ್ಯರಾತ್ರಿ ಅಮ್ಮ ಸಮುದ್ರಕ್ಕೆ ಇಳಿಯೋದಾ! ಜೂನ್ ತಿಂಗಳಲ್ಲಿ! ಅವಳ ಊರಲ್ಲಿ ಕೇಳಿದರೆ ಬೈತಾರೆ.

— ಪಾದ ಒದ್ದೆ ಮಾಡಿಕೊಂಡರೂ ಸಾಕು. ಟಿಕೆಟ್ ಜೂನ್ 20ಕ್ಕೆ ಸಿಗತ್ತಾ ನೋಡು, 21ಕ್ಕೆ ಕಾದಿಸ್‌ನಲ್ಲಿ ಇರ್ತೀರ. ಎರಡು ದಿನ ಅವಳಿಗೆ ನೀರಿನ ಗುರುತಾಗಲಿ. ನಾನು 22ರ ಸಂಜೆಯ ರೈಲಿಗೆ ಬಂದು ಸೇರ್ಕೋತೀನಿ.